20 ರೂಪಾಯಿ ರಸೀದಿ ನಮ್ಮನ್ನು ಮಾತುಕತೆಗೆ ಕೂರಿಸಿತು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 11 ವರ್ಷ ಫೆಟ್ಲಿಂಗ್ ವಿಭಾಗದಲ್ಲಿ, ಅಂದರೆ ಎರಕದ ಒರಟು ಅಂಚು ಉಜ್ಜಿ ತೆಗೆಯುವ ಕಡೆ, ಗ್ರೈಂಡರ್ ಹಿಡಿದವನು ನಾನು. ಸಂಘ ಕಟ್ಟಿದಾಗ ಖಜಾಂಚಿ ಕೆಲಸ ನನ್ನ ಪಾಲಿಗೆ ಬಂತು. ನೋಂದಣಿ ಪ್ರಮಾಣಪತ್ರ ಕೈಗೆ ಸಿಕ್ಕ ದಿನ ಗೆದ್ದೆವು ಅಂದುಕೊಂಡು ಗೇಟಿನ ಹೊರಗೆ ಕುಂದಾ ಹಂಚಿದೆವು.

ಮರುವಾರ ಬೇಡಿಕೆ ಪಟ್ಟಿ ಹಿಡಿದು ಮ್ಯಾನೇಜರ್ ಹತ್ತಿರ ಹೋದೆವು. "ನಿಮ್ಮ ಸಂಘ ರಜಿಸ್ಟರ್ ಆಗೇತಿ, ಸಂತೋಷ. ಆದ್ರ ಅದರ ಜೋಡಿ ಕುಂತು ಮಾತಾಡಬೇಕಂತ ಎಲ್ಲಿ ಬರದೈತ್ರೀ?" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ನೋಂದಣಿಗೆ ದಾರಿ ಇತ್ತು. ಮಾಲೀಕರು ಸಂಘವನ್ನು ಮಾನ್ಯ ಮಾಡಲೇಬೇಕು ಅನ್ನುವ ಮಾತು ಅದರಲ್ಲಿರಲಿಲ್ಲ. ಗಡಿ ಆಚೆ ಕೊಲ್ಹಾಪುರದ ಫೌಂಡ್ರಿಗಳಲ್ಲಿ ಕೆಲಸ ಮಾಡುವ ನಮ್ಮ ನೆಂಟರಿಗೆ ಸಂಘಗಳ ಮಾನ್ಯತೆಗೆಂದೇ 1971ರ ಮಹಾರಾಷ್ಟ್ರ ಕಾಯ್ದೆ ಇತ್ತು. ಶೇ. 30ರಷ್ಟು ಸದಸ್ಯರಿದ್ದರೆ ಸಂಘ ಮಾನ್ಯತೆಗೆ ಅರ್ಜಿ ಹಾಕಬಹುದಿತ್ತು. ನಮಗೆ ಆ ದಾರಿ ಇರಲಿಲ್ಲ.

ಆಗ ನಾನು ಒಂದು ತಪ್ಪು ಮಾಡಿದೆ. "ನಿಮ್ಮ ಜೋಡಿ ಎಷ್ಟು ಮಂದಿ ಅದಾರ, ತೋರಸ್ರಿ" ಅಂತ ಮ್ಯಾನೇಜರ್ ಕೇಳಿದ್ದಕ್ಕೆ ಸದಸ್ಯರ ಹೆಸರಿನ ಪಟ್ಟಿಯನ್ನೇ ಕೊಟ್ಟುಬಿಟ್ಟೆ. ತಿಂಗಳೊಳಗೆ ಎಂಟು ಜನರನ್ನು ಕಾಯಂ ರಾತ್ರಿ ಪಾಳಿಗೆ ಹಾಕಿದರು. ಅವರಲ್ಲಿ ಒಬ್ಬನ ಹೆಂಡತಿ ಆಗ ಬಾಣಂತಿ. ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಕಾರ್ಮಿಕ ಇಲಾಖೆಗೆ ಹೋದಾಗ ಅಧಿಕಾರಿ ಮೊದಲು ಕೇಳಿದ್ದೇ ಅದನ್ನು. "ಹೆಸರು ಅವರ ಕೈಯಾಗ ಯಾಕ ಕೊಟ್ರಿ? ರಸೀದಿ ಪುಸ್ತಕ ನನಗ ತೋರಸ್ರಿ." ಆಮೇಲೆ 1958ರ ಶಿಸ್ತು ಸಂಹಿತೆ ಬಗ್ಗೆ ಹೇಳಿದರು. ಅದು ಕಾನೂನಲ್ಲ, ಮಾಲೀಕರು ಮತ್ತು ಸಂಘಗಳು ಒಪ್ಪಿಕೊಂಡ ನಡಾವಳಿ. ಅದರ ಪ್ರಕಾರ ಮಾನ್ಯತೆ ಬೇಕಿದ್ದರೆ ಕಾರ್ಖಾನೆಯ ಶೇ. 15ರಷ್ಟು ಕಾರ್ಮಿಕರಾದರೂ ಸದಸ್ಯರಾಗಿರಬೇಕು. ಒಂದಕ್ಕಿಂತ ಜಾಸ್ತಿ ಸಂಘ ಇದ್ದರೆ ನೋಂದಣಿಯಾಗಿ ಒಂದು ವರ್ಷ ಆಗಿರಬೇಕು, ಜಾಸ್ತಿ ಸದಸ್ಯರಿರುವ ಸಂಘಕ್ಕೇ ಮಾನ್ಯತೆ. ಹಿಂದಿನ ಆರು ತಿಂಗಳಲ್ಲಿ ಕಡಿಮೆ ಅಂದರೂ ಮೂರು ತಿಂಗಳ ವಂತಿಗೆ ಕಟ್ಟಿದವರನ್ನು ಮಾತ್ರ ಸದಸ್ಯರು ಅಂತ ಎಣಿಸುತ್ತಾರೆ. ಸಭೆಗೆ ಬಂದು ಘೋಷಣೆ ಕೂಗಿದವರು ಎಷ್ಟೇ ಇರಲಿ, ರಸೀದಿ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ.

ಅಂದಿನಿಂದ ಪಗಾರದ ದಿನ ತಪ್ಪದೆ ಚಹಾದಂಗಡಿ ಹತ್ತಿರ ನಿಲ್ಲುತ್ತಿದ್ದೆ. ಆಗಿನ ಕಾಯ್ದೆ ಪ್ರಕಾರ ವರ್ಷಕ್ಕೆ 12 ರೂಪಾಯಿ ಇದ್ದರೂ ಸಾಕಿತ್ತು. ನಾವು ತಿಂಗಳಿಗೆ 20 ಇಟ್ಟೆವು. ದುಡ್ಡು ಕೊಟ್ಟವನಿಗೆ ಸಂಘ ನಂದು ಅನಿಸಬೇಕಲ್ವಾ? ಮೋಲ್ಡಿಂಗ್‌ನ ಒಬ್ಬ ಹಿರಿಯ ಕಾಕಾ ಸಹಿ ಹಾಕುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು. ಅಚ್ಚಿಗೆ ಬಳಿಯುವ ಗ್ರಾಫೈಟ್ ಅವರ ಕೈಗೆರೆಯೊಳಗೇ ಇಳಿದಿತ್ತು. ಇಂಕ್ ಪ್ಯಾಡ್ ಮುಂದೆ ಇಟ್ಟರೆ, "ಅದ್ಯಾಕೋ ತಮ್ಮಾ, ಇಲ್ಲೇ ಐತಲ್ಲ ಕರಿ" ಅನ್ನುತ್ತಿದ್ದರು. ಸದಸ್ಯತ್ವ ಪರಿಶೀಲನೆಯ ದಿನ ಇಲಾಖೆಯ ಅಧಿಕಾರಿ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಶಾಯಿ ಅಲ್ಲಲ್ರೀ?" "ಅಲ್ರೀ ಸಾಹೇಬ್ರ, ಗ್ರಾಫೈಟ್." ಅವರು ಏನೂ ಹೇಳಲಿಲ್ಲ. ಪಕ್ಕದಲ್ಲಿ ಟಿಕ್ ಹಾಕಿ ಮುಂದಿನ ಹಾಳೆ ತಿರುವಿದರು.

ಮಸ್ಟರ್‌ನಲ್ಲಿ (ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ) ಇದ್ದದ್ದು 184 ಹೆಸರು. ನಮ್ಮ ಸದಸ್ಯತ್ವ ಪುಸ್ತಕದಲ್ಲಿ 121. ಮೂರು ತಿಂಗಳ ವಂತಿಗೆ ಇಲ್ಲದ 9 ಹೆಸರು ಬಿದ್ದವು, 112 ಉಳಿದವು. ಅರ್ಧಕ್ಕಿಂತ ಜಾಸ್ತಿ. ಆದರೆ ಗುತ್ತಿಗೆದಾರನ ಕೈಕೆಳಗೆ ಮರಳು ಹೊರುತ್ತಿದ್ದ ಉತ್ತರ ಪ್ರದೇಶ, ಒಡಿಶಾದ ಹುಡುಗರು ಈ ಎಣಿಕೆಯಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಪಕ್ಕದಲ್ಲೇ ಅದೇ ಧೂಳು ಕುಡಿಯುವವರು ಅವರು. ಇದು ನನ್ನನ್ನು ಈಗಲೂ ಕಾಡುತ್ತದೆ.

ಇಷ್ಟಾದರೂ ಮ್ಯಾನೇಜ್‌ಮೆಂಟ್ ಮಾನ್ಯತೆ ಪತ್ರ ಕೊಡಲಿಲ್ಲ, ದಿನ ದೂಡಿದರು. ಪಗಾರ ಹೆಚ್ಚಳದ ವಿಷಯವನ್ನು ಕೈಗಾರಿಕಾ ವಿವಾದವಾಗಿ ಎತ್ತಿಕೊಂಡು, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಸಂಧಾನಾಧಿಕಾರಿ ಮುಂದೆ ಹೋದೆವು. ನನ್ನ ಪ್ರಕಾರ ನಾವು ಮಾಡಿದ ಒಳ್ಳೆಯ ಕೆಲಸ ಇದೇ. ಆಗಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇಬ್ಬರೇ ಕೂತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರಿಗಷ್ಟೇ ಅನ್ವಯವಾಗುತ್ತಿತ್ತು. ಸಂಧಾನದಲ್ಲಿ, ಆ ಕಾಯ್ದೆಯ 12(3) ಕಲಂ ಕೆಳಗೆ ಆದ ಒಪ್ಪಂದ ಹಾಗಿರಲಿಲ್ಲ. ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅದು ಅನ್ವಯವಾಗುತ್ತಿತ್ತು. ಹಾಗಾಗಿ ಯಾರ ಜೊತೆ ಸಹಿ ಹಾಕುತ್ತೇವೆ ಅನ್ನುವುದು ಮಾಲೀಕರಿಗೂ ಮುಖ್ಯವಾಯಿತು. ಐದನೇ ಸಭೆಯಲ್ಲಿ ಒಪ್ಪಿದರು. ಸಂಘದ ಮಾನ್ಯತೆಯೇ ಮೊದಲನೇ ಕಲಂ. ಪಗಾರ ಎರಡನೆಯದು. ರಾತ್ರಿ ಪಾಳಿ ಸರದಿ ಪ್ರಕಾರ ಅನ್ನುವುದು ಮೂರನೆಯದು, ಅದನ್ನು ಬರೆಸಲು ನಾನು ಹಟ ಹಿಡಿದು ಕೂತಿದ್ದೆ.

ವಂತಿಗೆಯನ್ನು ಪಗಾರದಲ್ಲೇ ಹಿಡಿದು ಕೊಡುತ್ತೇವೆ ಅಂತಲೂ ಆಮೇಲೆ ಹೇಳಿದರು. ನಾನು ಬೇಡ ಅಂದೆ. 20 ರೂಪಾಯಿ ಕೈಗೆ ಕೊಡುವಾಗಲೇ ಜನ ಕಷ್ಟಸುಖ ಹೇಳಿಕೊಳ್ಳುತ್ತಾರೆ.

ಈಗ ನಿಯಮ ಬೇರೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಲವು ಸಂಘಗಳಿರುವ ಕಡೆ ಮಸ್ಟರ್‌ನಲ್ಲಿರುವ ಕಾರ್ಮಿಕರಲ್ಲಿ ಶೇ. 51 ಅಥವಾ ಅದಕ್ಕಿಂತ ಜಾಸ್ತಿ ಬೆಂಬಲ ಇರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಬೆಂಬಲ ಇರುವ ಸಂಘಗಳು ಸೇರಿ ಮಾತುಕತೆಯ ಮಂಡಳಿ ಆಗುತ್ತದೆ. ಮೊನ್ನೆ ಮಚ್ಛೆ ಕಡೆಯ ನಾಲ್ಕು ಹುಡುಗರು ಮನೆಗೆ ಬಂದಿದ್ದರು, ಬೇಡಿಕೆ ಪಟ್ಟಿ ಬರೆದುಕೊಡಿ ಅಂತ. ಅದು ಆಮೇಲೆ ಆಗಲಿ, ಮೊದಲು ಮಸ್ಟರ್‌ನಲ್ಲಿ ಎಷ್ಟು ಹೆಸರಿವೆ ಎಣಿಸಿಕೊಂಡು ಬನ್ನಿ ಅಂದೆ. ಕಾರ್ಬನ್ ಹಾಕಿದ ಒಂದು ಖಾಲಿ ರಸೀದಿ ಪುಸ್ತಕವನ್ನೂ ಕೊಟ್ಟು ಕಳಿಸಿದೆ.