ಅದೇ ಕರೆಂಟಿಗೆ ಇನ್ನಷ್ಟು ಬೆಳಕು

ಬಲ್ಬ್ ಕೊಳ್ಳುವಾಗ ನಾನು ಮೊದಲು ಡಬ್ಬಿ ತಿರುಗಿಸಿ ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ) ಎಷ್ಟೆಂದು ನೋಡಿ, ವ್ಯಾಟ್‌ನಿಂದ ಭಾಗಿಸುತ್ತೇನೆ. 9 ವ್ಯಾಟ್‌ಗೆ 900 ಲ್ಯೂಮೆನ್ ಅಂದರೆ ವ್ಯಾಟಿಗೆ 100. ಅಷ್ಟೇ ಬೆಳಕು 7 ವ್ಯಾಟ್‌ನಲ್ಲಿ ಸಿಕ್ಕರೆ ಅದನ್ನೇ ತಗೊಳ್ಳಿ.

ಬಿಳಿ ಎಲ್‌ಇಡಿ ಹುಟ್ಟಾ ಬಿಳಿಯಲ್ಲ. ಒಳಗಿರುವುದು ನೀಲಿ ಚಿಪ್. ಮೇಲೆ ಬಳಿದ ಫಾಸ್ಫರ್ ಎಂಬ ಹೊಳೆಯುವ ಲೇಪ ಆ ನೀಲಿಯ ಒಂದು ಪಾಲನ್ನು ಹಳದಿ ಮಾಡುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ. ಈ ಚಿಪ್ಪಿಗೆ ಕರೆಂಟ್ ಹೆಚ್ಚು ನೂಕಿದಷ್ಟೂ ದಕ್ಷತೆ ಇಳಿಯುತ್ತದೆ, ಬಿಸಿಯಾದರೆ ಇನ್ನಷ್ಟು. ಅದಕ್ಕೇ ನನ್ನ ಓದುವ ಮೇಜಿಗೆ ಒಂದು ಸಾಲಿನ ಬದಲು ಎರಡು ಸಾಲು ಎಲ್‌ಇಡಿ ಹಾಕಿ, ಒಂದೇ ಡ್ರೈವರ್‌ನ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಸರ್ಕ್ಯೂಟ್) ಕರೆಂಟನ್ನು ಎರಡಕ್ಕೂ ಹಂಚಿದೆ. ಬಿಸಿ ಎಳೆದುಕೊಳ್ಳಲು ಕೆಳಗೆ ಅಲ್ಯೂಮಿನಿಯಂ ಪಟ್ಟಿ. ಒಂದು ಗಂಟೆ ಉರಿದ ಮೇಲೂ ಪಟ್ಟಿ ಬೆಚ್ಚಗಿರುತ್ತದೆ, ಸುಡುವುದಿಲ್ಲ. (ಕರೆಂಟ್ ಇಳಿಸಲು ಬೆಳಕು ತಗ್ಗಿಸುವ ಡಿಮ್ಮರ್ ಸಾಲದೇ ಅಂತ ಕೇಳಬೇಡಿ. ಪಟಪಟನೆ ಆರಿಸಿ ಹೊತ್ತಿಸುವ ಬಗೆಯದ್ದಾದರೆ ಹೊತ್ತಿದಾಗೆಲ್ಲ ಕರೆಂಟ್ ಪೂರ್ತಿಯೇ.)

ಮುಚ್ಚಿದ ಗಾಜಿನ ಬುರುಡೆಯೊಳಗೆ ಸಾಮಾನ್ಯ ಎಲ್‌ಇಡಿ ಬಲ್ಬ್ ಹಾಕಬೇಡಿ, ಬಿಸಿ ಹೊರಹೋಗದು. ನಾನು ಹಾಕಿ ಒಂದನ್ನು ಸುಟ್ಟುಕೊಂಡಿದ್ದೇನೆ. ಬಿಚ್ಚಿದರೆ ಡ್ರೈವರ್‌ನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಉಬ್ಬಿ ಕೂತಿತ್ತು.

ಆಮೇಲೆ, ಬಲ್ಬಿನ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ, ಅದಕ್ಕೆ ಒದ್ದೆ ಬಟ್ಟೆ. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಧೂಳು ಒರೆಸಿ.