ನನ್ನದೇ ಏಣಿ, ನನ್ನದೇ ಹಂಚು

ಕಳ್ಳ ಹತ್ತಿದ್ದು ನನ್ನದೇ ಏಣಿ. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಲು ಬೇಕಾಗುತ್ತದೆ ಎಂದು ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟಿದ್ದೆ. ಅವನೂ ಅದನ್ನು ಹಂಚಿನ ಕೆಲಸಕ್ಕೇ ಬಳಸಿದ. ಅಡಿಗೆಮನೆಯ ಮೇಲಿನ ಹತ್ತು ಹನ್ನೆರಡು ಹಂಚು ತೆಗೆದು, ಒಂದನ್ನೂ ಒಡೆಯದೆ ಪಕ್ಕಕ್ಕೆ ಜೋಡಿಸಿ, ಎರಡು ರೀಪು ಕೊಯ್ದು ಒಳಗೆ ಇಳಿದಿದ್ದ. ನೋಡಲು ಬಂದ ಪೊಲೀಸರು ಮೊದಲು ಏಣಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮನೆ ಇರುವುದು ಗೋಕರ್ಣದ ಹತ್ತಿರ. ಅಪ್ಪನ ಕಾಲದ್ದು, ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು. ನಾವು ಅರ್ಧ ಕಿಲೋಮೀಟರ್ ಆಚೆ ಟೆರೇಸ್ ಮನೆ ಕಟ್ಟಿಕೊಂಡ ಮೇಲೆ ಇದನ್ನು ಬಾಡಿಗೆಗೆ ಕೊಟ್ಟೆವು. ಇರುವವರು ನೆದರ್ಲೆಂಡ್ಸಿನ ಗಂಡ ಹೆಂಡತಿ. ಇಬ್ಬರಿಗೂ ಅರವತ್ತು ದಾಟಿದೆ. ನವೆಂಬರಿನಲ್ಲಿ ಬರುತ್ತಾರೆ, ಏಪ್ರಿಲಿನಲ್ಲಿ ಸೆಕೆ ತಡೆಯಲಾಗದೆ ಹೊರಡುತ್ತಾರೆ. ಆಮೇಲೆ ಮಳೆಗಾಲವಿಡೀ ಮನೆಗೆ ಬೀಗ.

ಕಳ್ಳತನ ಆದದ್ದು ಶಿವರಾತ್ರಿಯ ದೊಡ್ಡ ತೇರಿನ ದಿನ. ಊರಿಗೆ ಊರೇ ರಥಬೀದಿಯಲ್ಲಿತ್ತು. ತೇರಿಗೆ ಬಾಳೆಹಣ್ಣು ಎಸೆಯುವುದನ್ನು ನೋಡಬೇಕು ಎಂದು ಅವರಿಬ್ಬರೂ ಬಂದಿದ್ದರು. ಕರೆದುಕೊಂಡು ಹೋದವನು ನಾನೇ. ವಾಪಸ್ ಬಂದಾಗ ಅಡಿಗೆಮನೆಯಿಂದ ಆಕಾಶ ಕಾಣುತ್ತಿತ್ತು. ಲ್ಯಾಪ್‌ಟಾಪ್, ಸ್ವಲ್ಪ ದುಡ್ಡು, ಆ ಯಜಮಾನರ ಪಾಸ್‌ಪೋರ್ಟ್ ಹೋಗಿದ್ದವು.

ದುಡ್ಡು ಹೋದದ್ದು ದೊಡ್ಡದಲ್ಲ. ಪಾಸ್‌ಪೋರ್ಟ್ ಹೋದರೆ ಏನು ಪಾಡು ಎಂಬುದು ಆಗ ಗೊತ್ತಾಯಿತು. ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಅದರ ಪ್ರತಿ ಹಿಡಿದು ಅವರ ದೇಶದ ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣ ಪತ್ರ ಪಡೆಯಬೇಕು. ಆ ಪತ್ರದಲ್ಲಿ ವೀಸಾ ಇರುವುದಿಲ್ಲವಲ್ಲ, ಹಾಗಾಗಿ ನಮ್ಮ ದೇಶ ಬಿಡಲು ಬೇರೆಯಾಗಿ ಎಕ್ಸಿಟ್ ಪರ್ಮಿಟ್ ಬೇಕು. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ, ದೂರು ಕೊಟ್ಟವರಿಗೆ ಅದು ಉಚಿತ. ಪಾಸ್‌ಪೋರ್ಟ್ ಮತ್ತು ವೀಸಾದ ಫೋಟೋ ಅವರ ಹೆಂಡತಿಯ ಇಮೇಲಿನಲ್ಲಿ ಇತ್ತು. ಅದೊಂದು ಇಲ್ಲದಿದ್ದರೆ ಇನ್ನೂ ಎಷ್ಟು ದಿನ ಅಲೆಯಬೇಕಿತ್ತೋ.

ನನಗೆ ನಾಚಿಕೆಯಾಗಲು ಇನ್ನೊಂದು ಕಾರಣ ಇದೆ. ನಾನು 14 ವರ್ಷ ಮಸ್ಕತ್ತಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು. ಅಲ್ಲಿ ನಾನೇ ಫಾರಿನ್ನವನು. ರೂವಿಯಲ್ಲಿ ನಾವಿದ್ದ ಹಳೇ ಕಟ್ಟಡದಲ್ಲಿ, ಕೆಳಗಿನ ಮಹಡಿಯ ಒಂದು ಮನೆಗೆ ಬೇಸಿಗೆ ರಜೆಯಲ್ಲಿ ಕಳ್ಳರು ನುಗ್ಗಿದ್ದರು. ವಿಂಡೋ ಎಸಿ ತೆಗೆಸಿ ಆ ತೂತಿಗೆ ಪ್ಲೈವುಡ್ ಬಡಿದಿದ್ದರು, ಅದನ್ನು ಒಂದೇ ಒದೆತಕ್ಕೆ ಬೀಳಿಸಿದ್ದರು. ಶಾಲೆಗೆ ರಜೆ ಬಿಟ್ಟ ಕೂಡಲೇ ಭಾರತದವರೆಲ್ಲ ಊರಿಗೆ ಹೋಗುತ್ತಾರೆ ಎಂಬುದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಪರದೇಶದಲ್ಲಿ ಇರುವವನ ಮನೆಗೆ ಕಣ್ಣು ಹಾಕುವುದು ಅವನ ಹತ್ತಿರ ದುಡ್ಡಿದೆ ಎಂದು ಮಾತ್ರ ಅಲ್ಲ. ಅವನು ಯಾವಾಗ ಇರುತ್ತಾನೆ, ಯಾವಾಗ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವನ ಮನೆಯಲ್ಲಿ ಸದ್ದಾದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಇದನ್ನು ಮಸ್ಕತ್ತಿನಲ್ಲಿ ಕಣ್ಣಾರೆ ನೋಡಿದ್ದೆ. ಊರಿಗೆ ಬಂದ ಮೇಲೆ ಮರೆತುಬಿಟ್ಟೆ.

ಕಳ್ಳತನ ಆದ ವಾರದಲ್ಲೇ ಕುಮಟೆಗೆ ಹೋಗಿ ಎರಡು ಕ್ಯಾಮೆರಾ ತಂದೆ. ಎಲ್ಲರೂ ಮಾಡುವ ತಪ್ಪು ಇದೇ, ಮೊದಲು ಕ್ಯಾಮೆರಾ. ರಾತ್ರಿ ಅದರ ಹತ್ತಿರ ಹುಳ ಬರುತ್ತವೆ, ಹುಳದ ಆಸೆಗೆ ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲುಗಿದರೂ ಮೊಬೈಲಿಗೆ ಎಚ್ಚರಿಕೆ. ಒಂದು ರಾತ್ರಿ ನಲವತ್ತು ಸಲ ಬಂತು, ನಲವತ್ತೊಂದನೆಯದಕ್ಕೆ ಮೊಬೈಲನ್ನೇ ಆಫ್ ಮಾಡಿ ಮಲಗಿದೆ. ಇನ್ನು ಜೂನಿನಲ್ಲಿ ಗಾಳಿ ಮಳೆ ಶುರುವಾದರೆ ಕರೆಂಟ್ ಇರುವುದಿಲ್ಲ, ಕರೆಂಟ್ ಇಲ್ಲದಿದ್ದರೆ ವೈಫೈ ಇಲ್ಲ, ಕ್ಯಾಮೆರಾ ಸುಮ್ನೆ ಗೋಡೆಗೆ ಅಲಂಕಾರ. ಈಗ ರೂಟರಿಗೆ ಮತ್ತು ಕ್ಯಾಮೆರಾಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇಟ್ಟಿದ್ದೇನೆ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಇದೆ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಕಟ್ಟಿ ಬಲೆ ಒರೆಸುತ್ತೇನೆ. ಆದರೂ ಕ್ಯಾಮೆರಾ ಬಾಗಿಲು ಕಾಯುವುದಿಲ್ಲ. ಬಂದವನ ಮುಖ ತೋರಿಸಬಹುದು, ಅಷ್ಟೇ.

ಮೊದಲು ಆಗಬೇಕಾಗಿದ್ದ ಕೆಲಸ ಮಾಡಿನದ್ದು, ಅಂದರೆ ಹಂಚಿನ ಸೂರಿನದ್ದು. ನಮ್ಮ ಕಡೆ ಮನೆ ಕಟ್ಟುವಾಗ ಮುಂಬಾಗಿಲಿಗೆ ಮತ್ತಿ ಮರ, ಹಿತ್ತಾಳೆಯ ಚಿಲಕ, ಕೆತ್ತನೆ ಎಲ್ಲ ಮಾಡಿಸುತ್ತೇವೆ. ತಲೆಯ ಮೇಲಿರುವುದು ಮಾತ್ರ ಕೈಯಲ್ಲಿ ಎತ್ತಿದರೆ ಬರುವ ಹಂಚು. ಹಿಂದಿನ ಮಾಡು ಎಷ್ಟು ತಗ್ಗು ಎಂದರೆ ಏಣಿ ಇಲ್ಲದೆಯೂ ಹತ್ತಬಹುದಿತ್ತು. ನಡುಮನೆಗೆ ಹಲಗೆಯ ಮೆತ್ತು ಇದೆ, ಅಲ್ಲಿ ಭಯ ಇಲ್ಲ. ಅಡಿಗೆಮನೆ ಮತ್ತು ಬಚ್ಚಲಿಗೆ, ಮಾಡು ಹೊರುವ ಮರದ ಪಕಾಸಿನ ಅಡಿಯಲ್ಲಿ ಕಬ್ಬಿಣದ ಜಾಲ ಹಾಕಿಸಿದೆ. ಸುತ್ತ ಆಂಗಲ್ ಪಟ್ಟಿ, ನಡುವೆ 10 ಮಿಲಿಮೀಟರ್ ಸರಳು, ಕೈ ತೂರಬಹುದು, ತಲೆ ತೂರಬಾರದು. ಮೊಳೆ ಹೊಡೆಯಲಿಲ್ಲ. ಪಕಾಸಿಗೆ ಆರಪಾರ ಬೋಲ್ಟ್ ಹಾಕಿ ನಟ್ಟಿಗೆ ಬೆಸುಗೆ ಹಾಕಿಸಿದೆ. ಸಮುದ್ರದ ಗಾಳಿಗೆ ಕಬ್ಬಿಣ ಎಷ್ಟು ಬೇಗ ತಿಂದುಹೋಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ರೆಡ್ ಆಕ್ಸೈಡ್ ಮೇಲೆ ಎರಡು ಕೋಟು ಬಣ್ಣ ಹೊಡೆದಿದ್ದೇವೆ, ಪ್ರತಿ ಮೇ ತಿಂಗಳು ಏಣಿ ಹತ್ತಿ ನೋಡುತ್ತೇನೆ. ಏಣಿ ಈಗ ಕೊಟ್ಟಿಗೆಯ ಒಳಗೆ, ಸರಪಳಿ ಹಾಕಿ. ಮಾಡಿನ ಮೇಲೆ ಬಾಗಿದ್ದ ಮಾವಿನ ಕೊಂಬೆಯನ್ನೂ ಕಡಿಸಿದೆ. ಅದಕ್ಕೆ ಹೆಂಡತಿ ಇನ್ನೂ ಬೈಯುತ್ತಾಳೆ, ಆ ಕೊಂಬೆಯಲ್ಲೇ ಜಾಸ್ತಿ ಕಾಯಿ ಬಿಡುತ್ತಿತ್ತಂತೆ.

ಹಿತ್ತಿಲ ಬಾಗಿಲಿನ ಕಥೆ ಇನ್ನೂ ಕೆಟ್ಟದಿತ್ತು. ಮಳೆಯ ಎರಚಲಿಗೆ ಅದರ ಕೆಳಗಿನ ಒಂದು ಗೇಣು ಬಿಸ್ಕೆಟಿನ ಹಾಗೆ ಆಗಿತ್ತು. ಚಿಲಕಕ್ಕೆ ಹಾಕಿದ್ದು ಅರ್ಧ ಇಂಚಿನ ಸ್ಕ್ರೂ. ಭುಜ ಕೊಟ್ಟರೆ ಬರುತ್ತಿತ್ತು. ಕಳ್ಳ ಸುಮ್ನೆ ಹಂಚು ತೆಗೆಯುವ ಕಷ್ಟ ಪಟ್ಟ. ಹಲಸಿನ ಮರದ ಹೊಸ ಬಾಗಿಲು ಮಾಡಿಸಿ, ತಿರುಗಣಿಗೆ ಮೂರು ಇಂಚಿನ ಸ್ಕ್ರೂ ಹಾಕಿ, ಒಳಗಿನಿಂದ ಅಡ್ಡ ಒಂದು ಕಬ್ಬಿಣದ ಪಟ್ಟಿ ಕೂರುವ ಹಾಗೆ ಮಾಡಿದೆ. ಹೊರಡುವಾಗ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಪಟ್ಟಿ ಹಾಕಿ ಮುಂಬಾಗಿಲಿನಿಂದ ಹೊರಗೆ ಬರಬೇಕು. ಅಲ್ಲಿಗೆ ಹೊರಗಿನಿಂದ ಬೀಗ ಇರುವುದು ಒಂದೇ ಬಾಗಿಲಿಗೆ.

ಆ ಒಂದು ಬೀಗವೂ ಹೊರಗೆ ನೇತಾಡಬಾರದು. ದಣಪೆಯ, ಅಂದರೆ ಅಂಗಳದ ಗೇಟಿನ ಹತ್ತಿರ ನಿಂತವನಿಗೇ ಅದು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಹೇಳುತ್ತದೆ. ಬಾಗಿಲಿನೊಳಗೇ ಕೂರುವ ಬೀಗ ಹಾಕಿಸಿದೆ. ಹೊರಗೆ ಕಾಣುವ ಸ್ಕ್ರೂಗಳಿಗೆ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತಂದೆ. ಅದರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪುಗಾಳಿ ತಡೆಯುತ್ತದೆ. ಸಾಮಾನ್ಯವಾಗಿ ಸಿಗುವ 304 ಇಲ್ಲಿ ಎರಡು ವರ್ಷಕ್ಕೆ ಕಲೆ ಬಿಡುತ್ತದೆ. ಬೀಗಕ್ಕೆ ಎಣ್ಣೆ ಬಿಡಬೇಡಿ, ಸಮುದ್ರದ ಮರಳೆಲ್ಲ ಅದಕ್ಕೆ ಅಂಟುತ್ತದೆ. ಪೆನ್ಸಿಲಿನ ಸೀಸ ಪುಡಿ ಮಾಡಿ ಊದಿದರೆ ಸಾಕು. ಹೂವಿನ ಕುಂಡದ ಅಡಿಯಲ್ಲಿ ಇಡುತ್ತಿದ್ದ ಇನ್ನೊಂದು ಕೀಲಿಯ ವಿಷಯ ಹಾಲಿನವನಿಗೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಕಿಟಕಿಗೆ ಮೊದಲೇ ಸರಳು ಇತ್ತು. ಮಲಗುವ ಕೋಣೆಯ ಒಂದು ಕಿಟಕಿಯ ಸರಳನ್ನು ಮಾತ್ರ ತೆಗೆಸಿ, ಒಳಗಿನಿಂದ ಬೀಗ ಹಾಕುವ ಬಾಗಿಲಿನಂಥ ಗ್ರಿಲ್ ಕೂರಿಸಿದೆ. ಕೀಲಿ ಹಾಸಿಗೆಯ ತಲೆಗಡೆ ನೇತಾಡುತ್ತದೆ, ಕಿಟಕಿಯಿಂದ ಕೈ ಹಾಕಿದರೆ ಸಿಗುವುದಿಲ್ಲ. ಒಳಗೆ ಬೆಂಕಿ ಬಿದ್ದರೆ ಹೊರಗೆ ಬರಲು ಒಂದು ದಾರಿ ಬೇಕಲ್ಲ. ಎಲೆಕ್ಟ್ರಿಶಿಯನ್ ಆಗಿದ್ದವನಿಗೆ ಶಾರ್ಟ್ ಸರ್ಕ್ಯೂಟಿನ ಭಯ ಕಳ್ಳನ ಭಯಕ್ಕಿಂತ ಒಂದು ತೂಕ ಜಾಸ್ತಿ.

ಪಾಸ್‌ಪೋರ್ಟ್ ಇಡಲು ಚಿಕ್ಕ ಲಾಕರ್ ತಂದೆವು. ಅಂಥದ್ದನ್ನು ಗೋಡೆಗೆ ಬಿಗಿಯದಿದ್ದರೆ ಕಳ್ಳನಿಗೆ ನಾವೇ ಪೊಟ್ಟಣ ಕಟ್ಟಿಕೊಟ್ಟ ಹಾಗೆ. ಬಿಗಿಯಲು ಹೋದೆ, ಚಿರೆಕಲ್ಲು ಹಿಡಿಯಲಿಲ್ಲ. ತೂತು ತೂತಾದ ಕಲ್ಲು ಅದು. ಆಂಕರ್ ಬೋಲ್ಟ್ ತಿರುಗಿಸಿದ ಹಾಗೆ ಕಲ್ಲೇ ಪುಡಿಯಾಗಿ ಕೆಂಪಗೆ ಉದುರಿತು. ಎರಡು ಕಡೆ ಹಾಳು ಮಾಡಿದ ಮೇಲೆ ಬುದ್ಧಿ ಬಂತು. ಒಂದು ಕಲ್ಲನ್ನೇ ಪೂರ್ತಿ ತೆಗೆದು, ಆ ಗೂಡಿಗೆ ಜಲ್ಲಿ ಕಾಂಕ್ರೀಟ್ ತುಂಬಿ, ಅದರೊಳಗೆ ಬೋಲ್ಟ್ ಹೂತಿಟ್ಟು, ಹತ್ತು ದಿನ ನೀರು ಹಾಕಿ ಆಮೇಲೆ ಲಾಕರ್ ಕೂರಿಸಿದೆ. ಈಗ ಅದನ್ನು ಕೀಳಬೇಕಾದರೆ ಗೋಡೆಯನ್ನೇ ಕೀಳಬೇಕು.

ಇಷ್ಟೆಲ್ಲ ಮಾಡಿದರೂ ಮಳೆಗಾಲ ಬೇರೆಯದೇ ವಿಷಯ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ. ಹಂಚಿನ ಮೇಲೆ ಅದು ಬೀಳುವಾಗ ಪಕ್ಕದ ಕೋಣೆಯಲ್ಲಿ ಕೂಗಿದರೂ ಕೇಳುವುದಿಲ್ಲ. ಜಗಲಿಗೆ ಕಟ್ಟಿದ ತೆಂಗಿನ ಗರಿಯ ಜಡಿ ಮಳೆಯನ್ನೂ ಮರೆ ಮಾಡುತ್ತದೆ, ಕಳ್ಳನನ್ನೂ ಮರೆ ಮಾಡುತ್ತದೆ. ಖಾಲಿ ಮನೆ ತಾನು ಖಾಲಿ ಎಂದು ಹತ್ತು ಬಾಯಿಯಲ್ಲಿ ಹೇಳುತ್ತದೆ. ಬಿದ್ದ ತೆಂಗಿನಕಾಯಿ ಬಿದ್ದಲ್ಲೇ ಇರುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಗುರುತಿಲ್ಲದ ಪಾಚಿ. ಕಳೆಯಲ್ಲಿ ಮುಚ್ಚಿಹೋದ ತುಳಸಿಕಟ್ಟೆ.

ಇದಕ್ಕೆ ಉಪಾಯ ಸಿಕ್ಕಿದ್ದು ಪಕ್ಕದ ಮನೆಯ, ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯಿಂದ. ಬೆಳಿಗ್ಗೆ ಪೇಟೆಗೆ ತರಕಾರಿ ಮಾರಲು ಹೋಗುವವರು. ನಮ್ಮ ಹಿತ್ತಿಲಿನಲ್ಲಿ ಬಸಳೆ, ಹೀರೆ ಬೆಳೆದುಕೊಳ್ಳಲಿ, ಬಿದ್ದ ಕಾಯಿಯೂ ಅವರಿಗೇ, ಬಾಡಿಗೆ ಇಲ್ಲ ಎಂದು ಮಾತಾಯಿತು. ಈಗ ದಿನಕ್ಕೆ ಎರಡು ಸಲ ಅಲ್ಲಿ ಮನುಷ್ಯರ ಓಡಾಟ ಇದೆ, ಅವರ ಹಿಂದೆ ಅವರ ನಾಯಿಯ ಓಡಾಟವೂ ಇದೆ. ಆ ದಂಪತಿಗೆ ಮೊದಲು ಇದು ಇಷ್ಟ ಇರಲಿಲ್ಲ. ಕಳ್ಳತನ ಆದ ಮೇಲೆ ಅವರಿಗೆ ಊರಿನ ಎಲ್ಲರ ಮೇಲೂ ಅನುಮಾನ, ಪಾತ್ರೆ ತೊಳೆಯಲು ಬರುತ್ತಿದ್ದ ಹುಡುಗಿಯ ಮೇಲೂ. ಅದು ನನಗೆ ಬೇಜಾರಾಯಿತು, ಹೇಳಿಯೂ ಬಿಟ್ಟೆ. ಮರುವರ್ಷ ಬಂದವರೇ ಅಜ್ಜಿಗೆ ಚಾಕೊಲೇಟ್ ತಂದರು. ಅಜ್ಜಿ ಅದನ್ನು ನಾಯಿಗೆ ಹಾಕಲು ಹೊರಟಿದ್ದರು, ಚಾಕೊಲೇಟ್ ನಾಯಿಗೆ ವಿಷ ಎಂದು ನಾನು ತಡೆದೆ.

ಕಾಗದದ ಕೆಲಸವನ್ನೂ ಬಿಡುವ ಹಾಗಿಲ್ಲ. ವಿದೇಶದವರು ಮನೆಗೆ ಬಂದ 24 ಗಂಟೆಯೊಳಗೆ, ನಾವೆಲ್ಲ ಸಿ ಫಾರ್ಮ್ ಎನ್ನುವ ಮಾಹಿತಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ನಾನು ಪ್ರತಿ ವರ್ಷ ತುಂಬುತ್ತಿದ್ದೆ, ಹಾಗಾಗಿ ಅವತ್ತು ಠಾಣೆಯಲ್ಲಿ ನನಗೆ ತೊಂದರೆ ಆಗಲಿಲ್ಲ. ಈಗ ಅವರು ಹೊರಟ ದಿನ ನಾನೇ ಹೋಗಿ, ಇಂಥ ಮನೆಗೆ ಬೀಗ ಬಿದ್ದಿದೆ ಎಂದು ಗಸ್ತು ತಿರುಗುವ ಬೀಟ್ ಪೊಲೀಸರಿಗೆ ಹೇಳಿ ಬರುತ್ತೇನೆ. ಅಜ್ಜಿಯ ಮೊಮ್ಮಗನ ಮೊಬೈಲಿನಲ್ಲಿ ತುರ್ತು ಸಹಾಯದ ನಂಬರ್ 112 ಕೂಡ ಹಾಕಿಕೊಟ್ಟಿದ್ದೇನೆ.

ಪಾಸ್‌ಪೋರ್ಟ್ ಆಮೇಲೆ ಸಿಕ್ಕಿತು, ಗೇರು ಹಕ್ಕಲಿನಲ್ಲಿ ಒಂದು ಗಿಡದ ಬುಡದಲ್ಲಿ. ಅಷ್ಟರಲ್ಲಿ ಅದು ರದ್ದಾಗಿತ್ತು, ಅವರು ಊರು ಸೇರಿದ್ದರು. ಠಾಣೆಗೆ ಕೊಟ್ಟು ಬಂದೆ. ಕಳ್ಳ ಇವತ್ತಿಗೂ ಸಿಕ್ಕಿಲ್ಲ.

ಕಳೆದ ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಆ ಯಜಮಾನರ ಫೋನು. ಅವರಲ್ಲಿ ಇನ್ನೂ ಹತ್ತೂವರೆ. ‘ಮಾಡಿನ ಮೇಲೆ ಯಾರೋ ಇದ್ದಾರೆ, ಕ್ಯಾಮೆರಾದಲ್ಲಿ ಕಾಣುತ್ತಿದೆ’ ಎಂದರು. ಕೊಡೆ, ಟಾರ್ಚು ಹಿಡಿದು ಓಡಿದೆ. ಹಂಚಿನ ಮೇಲೆ ಒಂದು ಕಬ್ಬೆಕ್ಕು ಕೂತು ನನ್ನನ್ನೇ ನೋಡುತ್ತಿತ್ತು. ಕೆಳಗೆ ನಾಯಿ ಬೊಗಳುತ್ತಿತ್ತು. ಅಜ್ಜಿ ತಲೆಗೆ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ನನಗಿಂತ ಮೊದಲೇ ಬಂದು ನಿಂತಿದ್ದರು.

‘ಎಂತಾ ತಮಾ,’ ಎಂದರು, ‘ಬರೂಕೆ ಇಷ್ಟು ಹೊತ್ತಾ?’