ರಾತ್ರಿ ಆಟದ ವಿಡಿಯೊ: ಚುಕ್ಕಿ ಕಡಿಮೆ ಮಾಡುವುದು ಹೇಗೆ?

ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಯಕ್ಷಗಾನ ಆಟ ಶುರುವಾದರೆ ಸಾಕು, ಮೊಬೈಲುಗಳೆಲ್ಲ ಮೇಲೇಳುತ್ತವೆ. ಮಾರನೇ ದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಭಾಗವತರ ಹಿಂದಿನ ಕಪ್ಪು ಪರದೆ ಮೇಲೆ ಇರುವೆ ಹರಿದಾಡಿದ ಹಾಗೆ ಕೆಂಪು, ಹಸಿರು ಚುಕ್ಕಿ. ಇದೇ ನಾಯ್ಸ್. ಬೆಳಕು ಸಾಲದಾಗ ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು ಏರಿಸುತ್ತದೆ. ಆಗ ಚಿತ್ರದ ಜೊತೆ ಕಸವೂ ಎದ್ದು ಕಾಣುತ್ತದೆ.

ಮೊದಲು ಕ್ಲಿಪ್ಪನ್ನು 100 ಪರ್ಸೆಂಟ್ ಅಳತೆಯಲ್ಲಿ ಓಡಿಸಿ ನೋಡಿ. ಚುಕ್ಕಿಯ ಬದಲು ಅಡ್ಡ ಪಟ್ಟಿಗಳು ಮೇಲೆ ಕೆಳಗೆ ಸರಿಯುತ್ತಿದ್ದರೆ ಅದು ನಾಯ್ಸ್ ಅಲ್ಲ, ಲೈಟಿನ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್; ಮುಂದಿನ ಸಲ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟುಕೊಳ್ಳಿ.

ನಾಯ್ಸ್ ತೆಗೆಯುವುದು ಮೊದಲು, ಬಣ್ಣ ತಿದ್ದುವುದು ಆಮೇಲೆ, ಶಾರ್ಪ್ ಮಾಡುವುದು ಕೊನೆಗೆ. ಶಾರ್ಪ್ ಮೊದಲೇ ಮಾಡಿದರೆ ಚುಕ್ಕಿಯೂ ಚೂಪಾಗುತ್ತದೆ, ಅಲ್ವಾ?

ತೆಗೆಯಲು ಎರಡು ದಾರಿ. ಟೆಂಪೊರಲ್ ವಿಧಾನ ಅಕ್ಕಪಕ್ಕದ ಫ್ರೇಮುಗಳನ್ನು, ಅಂದರೆ ವಿಡಿಯೊದಲ್ಲಿ ಒಂದರ ಹಿಂದೊಂದು ಬರುವ ಚಿತ್ರಗಳನ್ನು ಹೋಲಿಸುತ್ತದೆ. ಪರದೆ ಅಲ್ಲೇ ಇರುತ್ತದೆ, ಚುಕ್ಕಿ ಮಾತ್ರ ಫ್ರೇಮಿಂದ ಫ್ರೇಮಿಗೆ ಜಾಗ ಬದಲಿಸುತ್ತದೆ. ಸರಾಸರಿ ತೆಗೆದರೆ ಚುಕ್ಕಿ ಮಾಯ. ಸ್ಪೇಷಿಯಲ್ ವಿಧಾನ ಒಂದೇ ಫ್ರೇಮಿನ ಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತದೆ. ಇದು ಜಾಸ್ತಿಯಾದರೆ ಚಿತ್ರ ಮಸುಕಾಗುತ್ತದೆ. ಹಾಗಾಗಿ ಟೆಂಪೊರಲ್‌ನಿಂದ ಶುರು ಮಾಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ದುಡ್ಡು ಕೊಡುವ ಸ್ಟುಡಿಯೊ ಆವೃತ್ತಿಯಲ್ಲಿ ಎರಡೂ ಇವೆ. ಅದರಲ್ಲಿ ಟೆಂಪೊರಲ್‌ಗೆ 2 ಫ್ರೇಮ್ ಇಟ್ಟು ನೋಡಿ. ಪುಕ್ಕಟೆ ಬೇಕೆಂದರೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್‌ನ ಎಚ್‌ಕ್ಯೂಡಿಎನ್3ಡಿ ಫಿಲ್ಟರ್ ಇದೆ. ಏನೂ ಹೇಳದಿದ್ದರೆ ಅದು 4, 3, 6, 4.5 ಎಂಬ ಅಂಕಿ ಹಿಡಿಯುತ್ತದೆ. ಮೊದಲೆರಡು ಸ್ಪೇಷಿಯಲ್, ಉಳಿದೆರಡು ಟೆಂಪೊರಲ್. ಪ್ರತಿ ಜೋಡಿಯಲ್ಲೂ ಮೊದಲನೆಯದು ಬೆಳಕಿಗೆ, ಎರಡನೆಯದು ಬಣ್ಣಕ್ಕೆ.

ಕ್ರೋಮಾ, ಅಂದರೆ ಬಣ್ಣದ ನಾಯ್ಸನ್ನು ಧಾರಾಳವಾಗಿ ತೆಗೆಯಿರಿ. ಬಣ್ಣ ಸ್ವಲ್ಪ ಮಸುಕಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಲೂಮಾ, ಅಂದರೆ ಬೆಳಕಿನ ನಾಯ್ಸ್ ತೆಗೆಯುವಾಗ ಮಾತ್ರ ಹುಷಾರು. ಕಿರೀಟದ ಕನ್ನಡಿ ಚೂರು, ಹುಬ್ಬಿನ ಕಾಡಿಗೆ ಗೆರೆ, ಗೆಜ್ಜೆ – ಇವನ್ನೇ ನೋಡುತ್ತಾ ನಿಧಾನವಾಗಿ ಏರಿಸಿ. ಗೆರೆಯ ಅಂಚು ಕರಗಿ ಮುಖ ಪ್ಲಾಸ್ಟಿಕ್ಕಿನಂತೆ ಕಂಡಿತೋ, ಹಿಂದೆ ಬನ್ನಿ. ನನಗಂತೂ ನುಣ್ಣನೆ ಮುಖಕ್ಕಿಂತ ಒಂದಿಷ್ಟು ಚುಕ್ಕಿ ಇರುವ ವೇಷವೇ ಇಷ್ಟ.

ವೇಷಧಾರಿ ಮಂಡಿಯಲ್ಲಿ ಗಿರಗಿರ ತಿರುಗುವ ಜಾಗದಲ್ಲಿ ಟೆಂಪೊರಲ್ ಎಡವುತ್ತದೆ. ಕೈಯ ಹಿಂದೆ ನೆರಳಿನ ಬಾಲ ಬರುತ್ತದೆ. ಅಷ್ಟು ತುಣುಕನ್ನು ಕತ್ತರಿಸಿ ಬೇರೆ ಮಾಡಿ, ಅಲ್ಲಿ ಟೆಂಪೊರಲ್ ಇಳಿಸಿ, ಸ್ಪೇಷಿಯಲ್ ಚೂರೇ ಹಾಕಿ.

ಮಳೆಗಾಲದ ವಿಡಿಯೊಕ್ಕೂ ಇದೇ ಎಚ್ಚರ. ಉಂಚಳ್ಳಿ ಜಲಪಾತದ ತುಂತುರು, ಸೂರಿನ ಹನಿ ಎಲ್ಲವನ್ನೂ ಸಾಫ್ಟ್‌ವೇರ್ ಚುಕ್ಕಿ ಅಂತಲೇ ತಿಳಿದು ಒರೆಸಿಬಿಡಬಹುದು.

ಇಡೀ ರಾತ್ರಿಯ ಆಟವನ್ನು ಒಮ್ಮೆಲೇ ರೆಂಡರಿಗೆ, ಅಂದರೆ ತಿದ್ದಿದ ವಿಡಿಯೊ ಫೈಲ್ ಮಾಡಲು ಹಾಕಬೇಡಿ. ಈ ಫಿಲ್ಟರುಗಳು ಕಂಪ್ಯೂಟರನ್ನು ಹಿಂಡುತ್ತವೆ. ಕುಣಿತವಿರುವ 10 ಸೆಕೆಂಡು ತೆಗೆದು ಟಿವಿಯಲ್ಲಿ ನೋಡಿ. ಕತ್ತಲ ಆಕಾಶದಲ್ಲಿ ಪದರ ಪದರವಾಗಿ ಪಟ್ಟೆ ಕಂಡರೆ ಕೊನೆಯಲ್ಲಿ ಚೂರು ಫಿಲ್ಮ್ ಗ್ರೇನ್, ಅಂದರೆ ಹಳೆ ಸಿನಿಮಾ ರೀಲಿನಂಥ ಸಣ್ಣ ಚುಕ್ಕಿ ಸೇರಿಸಿ. ತೆಗೆದದ್ದನ್ನೇ ಮತ್ತೆ ಹಾಕುವುದಾ ಅನ್ನಬೇಡಿ, ಪಟ್ಟೆ ಮುಚ್ಚಲು ಇದೇ ಸುಲಭದ ಉಪಾಯ.